ಕಣ್ಣು ತೆರೆದು ಬಾಯಿ ತೆರೆಯದ ರೇಡಿಯೋ

ರೇಡಿಯೋ ಕಣ್ಣು ತೆರೆಯುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ.

ಕಿವಿ ತಿರುವಿದರೆ ಟಕ್ ಎನ್ನುತ್ತಿತ್ತು. ಊರುಗಳ ಹೆಸರು ಬರೆದ ಗಾಜಿನ ಹಿಂದೆ ಹಳದಿ ದೀಪ ಹೊತ್ತುತ್ತಿತ್ತು. ಒಳಗಿನ ಗಾಜಿನ ವಾಲ್ವುಗಳು ಕಾದು ಬಿಸಿಯಾಗುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮೂಲೆಯ ಹಸಿರು ಕಣ್ಣು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಇನ್ನೇನು ಮಾತಾಡುತ್ತದೆ ಎಂದು ನಾವೆಲ್ಲ ಮುಂದಕ್ಕೆ ಬಾಗಿದರೆ, ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರ್ ಎಂದು ಅಲ್ಲಿಗೇ ನಿಲ್ಲುತ್ತಿತ್ತು. ಮುಳ್ಳನ್ನು ಧಾರವಾಡಕ್ಕೆ ಒಯ್ದರೂ ಗುರ್, ಮುಂಬಯಿಗೆ ಒಯ್ದರೂ ಗುರ್, ಸಿಲೋನಿಗೆ ಒಯ್ದರೂ ಗುರ್. ಇಡೀ ಜಗತ್ತು ಜಗಳ ಬಿಟ್ಟು ಒಂದೇ ಭಾಷೆ ಕಲಿತಂತಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ಬೇಸಿಗೆ. ಯಾವ ವರ್ಷ ಎಂದು ಕೇಳಬೇಡಿ. ವರ್ಷ ಹೇಳಿದರೆ ನೆನಪಿಗೆ ಕೋಟು ತೊಡಿಸಿ ಫೋಟೋ ತೆಗೆಸಿದಂತಾಗುತ್ತದೆ. ಮುಖ ಅದರದೇ ಇರಬಹುದು, ನಿಲುವು ಸುಳ್ಳು. ನಾನು ಬಬಲೇಶ್ವರದಿಂದ ಬಂದು ವಿಜಾಪುರದಲ್ಲಿ ಕಾಕಾನ ಮನೆಯಲ್ಲಿದ್ದುಕೊಂಡು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮನೆಯವರ ನಂಬಿಕೆ. ಮನೆಯಲ್ಲಿ ನಾವು ನಾಲ್ವರು: ನಾನು, ಕಾಕಾ, ಅವನ ಹೆಂಡತಿ ಚಿಗವ್ವ, ಮತ್ತು ಕಾಕಾನ ತಾಯಿ, ಅಂದರೆ ನನ್ನ ಆಯಿ.

ಕಾಕಾ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಓಣಿಗೆ ಮೊದಲ ರೇಡಿಯೋ ತಂದವನು ತಾನು ಎಂಬುದು ಅವನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ರೇಡಿಯೋ ಬಂದ ದಿನ ತಾನೇ ಮಾಳಿಗೆ ಹತ್ತಿ, ಎರಡು ಬಿದಿರಿನ ಗಳ ನೆಟ್ಟು, ನಡುವೆ ತಾಮ್ರದ ತಂತಿ ಬಿಗಿದಿದ್ದ. ಅದರಿಂದ ಇನ್ನೊಂದು ಎಳೆಯನ್ನು ಬೆಳಕಿಂಡಿಯಲ್ಲಿ ಇಳಿಬಿಟ್ಟು ರೇಡಿಯೋದ ಬೆನ್ನಿಗೆ ಸಿಕ್ಕಿಸಿದ್ದ. ಇದಕ್ಕೆ ಏರಿಯಲ್ ಅನ್ನುತ್ತಾರೆ, ಗಾಳಿಯಲ್ಲಿ ಹೋಗುವ ದನಿ ಇದಕ್ಕೆ ಸಿಕ್ಕಿಕೊಳ್ಳುತ್ತದೆ ಎಂದು ಓಣಿಯ ಗಂಡಸರಿಗೆಲ್ಲ ಬಿಡಿಸಿ ಹೇಳಿದ್ದ. ಹೆಂಗಸರಿಗೆ ಹೇಳಲಿಲ್ಲ. ಅವರು ಆಗ ಆ ಗಂಡಸರಿಗೆ ಚಹಾ ಮಾಡುತ್ತಿದ್ದರು.

ಕೆಲವು ವಾರ ರೇಡಿಯೋ ಚೆನ್ನಾಗಿ ಮಾತಾಡಿತು. ಆಮೇಲೆ ಒಂದು ದಿನ, ಮನೆಯಲ್ಲಿ ಶಾವಿಗೆ ಮಾಡಿದ ದಿನವೇ ಇರಬೇಕು, ಮೂಕವಾಯಿತು. ಎರಡೂ ಒಂದೇ ದಿನ ಆದವು ಎಂದು ನಾನು ಈಗ ಕೂಡಿಸಿ ಬರೆಯುತ್ತಿದ್ದೇನೆ. ಆಗ ಯಾರೂ ಕೂಡಿಸಲಿಲ್ಲ. ಶಾವಿಗೆ ಹೆಂಗಸರ ಲೆಕ್ಕ, ರೇಡಿಯೋ ಗಂಡಸರ ಲೆಕ್ಕ.

ಬೇರೆ ಸಮಯವಾಗಿದ್ದರೆ ರೇಡಿಯೋ ಹಾಗೇ ಬಿದ್ದಿರುತ್ತಿತ್ತು, ಕಾಕಾ ಯಾರನ್ನಾದರೂ ಬೈದು ಸುಮ್ಮನಾಗುತ್ತಿದ್ದ. ಆದರೆ ಆ ಭಾನುವಾರ ಸಂಜೆ ಅದು ಮಾತಾಡಲೇಬೇಕಿತ್ತು. ಅಂದು ಅದರಲ್ಲಿ ಚಿಗವ್ವನ ಹಾಡು ಬರುವುದಿತ್ತು.

ಚಿಗವ್ವ ತಿಕೋಟಾದವಳು. ಸಂಕ್ರಾಂತಿಗೆ ತವರಿಗೆ ಹೋದಾಗ ಧಾರವಾಡದಿಂದ ರೇಡಿಯೋದವರು ಜೀಪಿನಲ್ಲಿ ಯಂತ್ರ ಹೇರಿಕೊಂಡು ಬಂದಿದ್ದರಂತೆ, ಬೀಸುವ ಹಾಡು ಹಿಡಿದುಕೊಂಡು ಹೋಗಲು. ಬೀಸುಕಲ್ಲಿನ ಸದ್ದಿನಲ್ಲಿ ಹಾಡು ಕೇಳುವುದಿಲ್ಲ, ಕಲ್ಲು ನಿಲ್ಲಿಸಿ ಎಂದರಂತೆ. ಕಲ್ಲು ನಿಂತದ್ದೇ ಹೆಂಗಸರ ಬಾಯಿಯೂ ನಿಂತಿತು. ಕೈ ತಿರುಗದೆ ಹಾಡು ಹೇಗೆ ಬಂದೀತು? ಕೊನೆಗೆ ಬರಿಗೈಯನ್ನು ಗಾಳಿಯಲ್ಲಿ ಗರಗರ ತಿರುಗಿಸುತ್ತ ಹಾಡಿದರಂತೆ. ಚಿಗವ್ವ ಒಬ್ಬಳೇ ಒಂದು ಹಾಡು ಹಾಡಿದಳು. ಹಿಡಿದದ್ದನ್ನು ನಮಗೂ ಕೇಳಿಸಿ ಎಂದು ಬೇಡಿಕೊಂಡರೆ, ಬ್ಯಾಟರಿ ಮುಗಿಯುತ್ತದೆ ಎಂದು ಹೇಳಿ ಜೀಪು ಹತ್ತಿದರು. ಅದು ಇಂಥ ಭಾನುವಾರ ಹಳ್ಳಿಗರ ಕಾರ್ಯಕ್ರಮದಲ್ಲಿ ಬರುತ್ತದೆ ಎಂದು ಅವಳ ಅಣ್ಣ ತಿಕೋಟಾದ ಬಸ್ಸಿನಲ್ಲಿ ಬಂದು ಹೇಳಿಹೋಗಿದ್ದ.

ಆಯಿ ನಂಬಲಿಲ್ಲ. ಅವಳು ಬಬಲೇಶ್ವರದವಳು, ತಿಕೋಟಾದಿಂದ ಬಂದ ಯಾವ ಸುದ್ದಿಯನ್ನೂ ಸೋಸದೆ ಕುಡಿದವಳಲ್ಲ.

"ತಿಕೋಟಾದಾಗ ಒಬ್ಬಾಕಿಗೆ ಕೆಮ್ಮ ಬಂದ್ರ ವಿಜಾಪುರದ ತನಕ ಡಂಗುರ ಹೊಡಸ್ತಾರ."

"ಡಂಗುರ ಅಲ್ಲರಿ ಅತ್ತಿ, ರೇಡಿಯೋ."

"ನಿನ್ನ ದನಿ ಅಡಗಿ ಮನ್ಯಾಗಿಂದ ಪಡಸಾಲಿಗೆ ಕೇಳಂಗಿಲ್ಲ. ಧಾರವಾಡದಿಂದ ಕೇಳತೈತಂತ!"

ಕೇಳದಿರಲು ಕಾರಣವಿತ್ತು. ಓಣಿಯಲ್ಲಿ ಹಿಟ್ಟಿನ ಗಿರಣಿ ಇತ್ತು, ಮನೆಯಲ್ಲಿ ಬೀಸುಕಲ್ಲು ಇರಲಿಲ್ಲ. ಬೀಸದ ಮನೆಯಲ್ಲಿ ಬೀಸುವ ಹಾಡು ಹಾಡುವ ಸೊಸೆಗೆ ತಲೆ ಸರಿಯಿಲ್ಲ ಎನ್ನುತ್ತಾರೆ. ಒಮ್ಮೆ ಪಾತ್ರೆ ತಿಕ್ಕುತ್ತ ಗುನುಗಿದ್ದಕ್ಕೆ ಕಾಕಾ ಪಡಸಾಲೆಯಿಂದಲೇ, "ಯಾರ ಮನಿ ಬಾಗಿಲಾನೋ ಕಿರ್ರ್ ಅನ್ನಾಕತ್ತೈತಿ, ಎಣ್ಣಿ ಬಿಡ್ರಿ" ಎಂದಿದ್ದ. ಚಿಗವ್ವ ಅದನ್ನು ಮರೆತಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ನನಗೆ ರೊಟ್ಟಿ ಬಡಿಸುವಾಗ ಹೇಳಿದಳು:

"ನನ್ನ ದನಿ ನನಗ ಒಂದ್ಸಲ ಹೊರಗಿಂದ ಕೇಳಬೇಕಾಗೈತಿ. ಬಾಗಿಲಾ ಹೌದೋ ಅಲ್ಲೋ, ಗೊತ್ತಾಗಿ ಹೋಗಲಿ. ನಿಮ್ಮ ಕಾಕಾಗ ಹೇಳು, ಇವತ್ತೊಂದ ದಿನಾ ಅದನ್ನ ಮಾತಾಡಸಂತ."

ನಾನು ಹೇಳಿದೆ. ಕಾಕಾ ಅಂಗಿಯ ತೋಳು ಮಡಚಿಕೊಂಡ.

ಮೊದಲು ರೇಡಿಯೋದ ಮೇಲಿದ್ದ ಕಸೂತಿಯ ಮುಸುಕನ್ನು ತೆಗೆದ, ಸೆಕೆಗೆ ಹೀಗಾಗಿರಬಹುದು ಎಂದು. ಗುರ್. ನೆತ್ತಿಗೆ ಬಡಿದ. ಗುರ್. ಬಂದ್ ಮಾಡಿ ಚಾಲೂ ಮಾಡಿದ, ಮತ್ತೆ ಬಂದ್, ಮತ್ತೆ ಚಾಲೂ. ಅದಕ್ಕೆ ಕಾಯಲು ಪುರುಸೊತ್ತು ಕೊಡದೆ ಯಾಕೆ ಕಾಯುತ್ತಿಲ್ಲ ಎಂದು ಬೈದ. ಕಚೇರಿಯಲ್ಲಿ ಅವನಿಗೆ ಸಾಹೇಬರು ಮಾಡುತ್ತಿದ್ದದ್ದೂ ಇದನ್ನೇ.

ಅಷ್ಟರಲ್ಲಿ ಪಕ್ಕದ ಮನೆಯ ಸುಬೇದಾರ ಬಂದ. ಅವನು ನಿಜವಾಗಿ ಸುಬೇದಾರನಾಗಿದ್ದನೋ ಇಲ್ಲವೋ, ಪಿಂಚಣಿ ತರಲು ಹೋಗುವಾಗ ಅವನು ನಡೆಯುತ್ತಿದ್ದ ರೀತಿಗೆ ಓಣಿ ಕೊಟ್ಟ ಹುದ್ದೆ ಅದು. ಯುದ್ಧದಲ್ಲಿ ಬರ್ಮಾದಲ್ಲಿ ವೈರ್‌ಲೆಸ್ ಹೊತ್ತವನು. ಬೆನ್ನ ಮೇಲೆ ಹೊತ್ತದ್ದು, ಮಾತಾಡಿದವರು ಬೇರೆ.

"ಹೊಡೀಬ್ಯಾಡ್ರಿ ಸಾಹೇಬ್ರ. ಮಷೀನಕ್ಕ ಹೊಡದ್ರ ಅದಕ್ಕ ಸಿಟ್ಟ ಬರತೈತಿ" ಎಂದು ಸುಬೇದಾರ ಹಿಂದಿನ ಹಲಗೆಯ ತಿರುಪು ಬಿಚ್ಚಿಸಿದ.

ಒಳಗೆ ಸತ್ತ ಜಿರಳೆ ಇತ್ತು. ಎಲ್ಲರಿಗೂ ನೆಮ್ಮದಿಯಾಯಿತು.

"ನೋಡ್ರಿ, ಸಿಕ್ತು!" ಎಂದ ಸುಬೇದಾರ.

"ನಾ ಅಂದಿದ್ನಿ" ಎಂದ ಕಾಕಾ. ಅಂದಿರಲಿಲ್ಲ.

ಜಿರಳೆಯನ್ನು ಕಾಗದದ ಮೇಲಿಟ್ಟು ಹೊರಗೆ ಒಯ್ದದ್ದನ್ನು ಓಣಿಯ ಮಂದಿ ಶವಯಾತ್ರೆಯಂತೆ ನಿಂತು ನೋಡಿದರು. ಬಂದು ಕಿವಿ ತಿರುವಿದರು. ದೀಪ, ಕಣ್ಣು, ಗುರ್. ಜಿರಳೆಯ ಮೇಲೆ ಸುಮ್ಮನೆ ಆರೋಪ ಬಂದಿತ್ತು.

ಆಗ ಕಾಕಾನಿಗೆ ನನ್ನ ನೆನಪಾಯಿತು. "ಇವ ಸೈನ್ಸ್ ಓದತಾನ. ಏನಾಗೈತಿ ಹೇಳೋ."

ನಾನು ಒಳಗೆ ಬಗ್ಗಿ ನೋಡಿದೆ. ಬೆಳಗುವ ಗಾಜಿನ ಬುಡ್ಡಿಗಳು, ಮೇಣ ಮೆತ್ತಿದ ಸುರುಳಿಗಳು, ಧೂಳು. ಪುಸ್ತಕದಲ್ಲಿ ನೋಡಿದ ಯಾವ ಚಿತ್ರಕ್ಕೂ ಅದು ಹೋಲುತ್ತಿರಲಿಲ್ಲ. "ಕಪ್ಯಾಸಿಟರ್ ಇರಬೇಕು" ಎಂದೆ. ಮನೆಯಲ್ಲಿ ನನ್ನ ಮೇಲಿನ ಗೌರವ ಆ ಒಂದು ಶಬ್ದದಿಂದ ಎಷ್ಟು ಏರಿತೆಂದರೆ ಆಯಿ ನನಗೆ ಕೇಳದೆಯೇ ಮಜ್ಜಿಗೆ ತಂದುಕೊಟ್ಟಳು. ರೇಡಿಯೋದ ಮೇಲೆ ಶಬ್ದದ ಪರಿಣಾಮವಾಗಲಿಲ್ಲ.

ಮಧ್ಯಾಹ್ನ ಇಳಿಯಿತು. ಸುಬೇದಾರ ವಾಲ್ವುಗಳನ್ನು ಒಂದೊಂದಾಗಿ ಕಿತ್ತು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಕೂರಿಸಿದ. ಚಿಗವ್ವ ಪ್ರತಿ ಸಲವೂ ಅಡುಗೆಮನೆಯ ಬಾಗಿಲಿಗೆ ಬಂದು, "ಇನ್ನ ಎಷ್ಟೊತ್ತರಿ?" ಎನ್ನುತ್ತಿದ್ದಳು. ಕಾಕಾ ಪ್ರತಿ ಸಲವೂ, "ಬರತೈತಿ ತಡಿ" ಎನ್ನುತ್ತಿದ್ದ. ಈ ಎರಡು ಮಾತು ನನಗೆ ಎಷ್ಟು ಸ್ಪಷ್ಟವಾಗಿ ನೆನಪಿವೆಯೆಂದರೆ ನನಗೇ ಸಂಶಯ ಬರುತ್ತದೆ. ನಿಜವಾದ ಮಾತು ಇಷ್ಟು ಸ್ವಚ್ಛವಾಗಿ ಉಳಿಯುವುದಿಲ್ಲ. ಬಹುಶಃ ಅವಳು ಒಂದೇ ಸಲ ಕೇಳಿದ್ದಳು; ಉಳಿದ ಸಲಗಳನ್ನು ಅವಳ ಮುಖ ಕೇಳಿತು.

ಕೊನೆಗೆ ಸುಬೇದಾರ ಹೊಸ ತೀರ್ಪು ಕೊಟ್ಟ: ಕರೆಂಟು ಸಾಲುತ್ತಿಲ್ಲ, ಎಲ್ಲವನ್ನೂ ಹಿಟ್ಟಿನ ಗಿರಣಿ ಎಳೆದುಕೊಳ್ಳುತ್ತಿದೆ. ಕಾಕಾ ನನ್ನನ್ನು ಕರೆದುಕೊಂಡು ಗಿರಣಿಗೆ ಹೋದ. ಗಿರಣಿಯ ಚಾಚಾ ಹುಬ್ಬು, ಗಡ್ಡ, ಟೋಪಿ ಎಲ್ಲ ಬೆಳ್ಳಗೆ ಹಿಟ್ಟು ಹಚ್ಚಿಕೊಂಡು ಕೂತಿದ್ದ. ಜೋಳದ ಬುಟ್ಟಿ ಇಟ್ಟುಕೊಂಡು ಹೆಂಗಸರು ಸಾಲಾಗಿ ನಿಂತಿದ್ದರು.

"ಅರ್ಧಾ ತಾಸ ಬಂದ್ ಮಾಡ್ರಿ ಚಾಚಾ. ಸರಕಾರಿ ರೇಡಿಯೋದಾಗ ನಮ್ಮ ಮನ್ಯಾಕಿ ಹಾಡು ಐತಿ."

ಚಾಚಾ ಬಾಯಲ್ಲಿದ್ದ ಎಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದ. "ನಿಮ್ಮ ಡಬ್ಬಿ ಮಾತಾಡಬೇಕಂದ್ರ ನಮ್ಮ ಗಿರಣಿ ಮೂಕ ಆಗಬೇಕೇನ್ರಿ ಸಾಹೇಬ್ರ? ಇಷ್ಟ ದಿನಾ ಎರಡೂ ಕೂಡೇ ಒದರತಿದ್ವೆಲ್ಲ?"

ಇದು ಆ ದಿನ ಯಾರಾದರೂ ಆಡಿದ ಮೊದಲ ವಿವೇಕದ ಮಾತು. ಕಾಕಾ ಅದನ್ನು ಗಮನಿಸಲಿಲ್ಲ. ತನ್ನನ್ನು ಸಾಹೇಬ್ರ ಎಂದದ್ದನ್ನು ಗಮನಿಸಿದ.

"ಭಾಭೀ ಹಾಡಂದ್ರ ಬಂದ್ ಮಾಡತೀನಿ. ನಿಮ್ಮ ಡಬ್ಬಿ ಸಲುವಾಗಿ ಅಲ್ಲ" ಎಂದು ಚಾಚಾ ಪಟ್ಟಾ ಬಿಡಿಸಿದ. ಗಿರಣಿ ನಿಂತದ್ದೇ ಬುಟ್ಟಿ ಹಿಡಿದ ಹೆಂಗಸರೆಲ್ಲ ನಮ್ಮ ಹಿಂದೆ ಮನೆಗೆ ಬಂದರು. ಹಿಟ್ಟು ಇಲ್ಲವೆಂದ ಮೇಲೆ ತಮಾಷೆಯಾದರೂ ಸಿಗಲಿ.

ಪಡಸಾಲೆ ತುಂಬಿತು. ದೀಪ, ಕಣ್ಣು, ಗುರ್.

"ಇದೇನವ್ವ ನಿನ್ನ ಹಾಡ?" ಎಂದು ಒಬ್ಬಳು ಚಿಗವ್ವನನ್ನು ಕೇಳಿದಳು. ಎಲ್ಲರೂ ನಕ್ಕರು. ಆಯಿ ಎಲ್ಲರಿಗಿಂತ ಹೆಚ್ಚು ನಕ್ಕಳು. ಚಿಗವ್ವ ನಗಲಿಲ್ಲ. ಹೊರಗೆ ಬಿಸಿಲು ಕೆಂಪಗಾಗಿತ್ತು, ಕಾರ್ಯಕ್ರಮ ಶುರುವಾಗುವ ಹೊತ್ತು ಹತ್ತಿರ ಬಂದಿತ್ತು.

ಸುಬೇದಾರ ಮೀಸೆ ತೀಡಿದ. "ಏರಿಯಲ್ ನೋಡೂನೇನ್ರಿ?"

"ಏರಿಯಲ್ ನಾನ ಕಟ್ಟೇನಿ" ಎಂದ ಕಾಕಾ. ಅಂದರೆ ಆ ವಿಷಯ ಮುಗಿಯಿತು ಎಂದರ್ಥ. ತಂತಿ ರೇಡಿಯೋದ ಬೆನ್ನಿನಿಂದ ಹೊರಟು ಬೆಳಕಿಂಡಿಯಲ್ಲಿ ಮೇಲಕ್ಕೆ ಹೋಗಿದ್ದು ಎಲ್ಲರಿಗೂ ಕಾಣುತ್ತಿತ್ತು. ಮೇಲೆ ಅದು ಏನಾಗಿದೆ ಎಂದು ಕೇಳುವುದು ಕಾಕಾನ ಬುದ್ಧಿಯನ್ನೇ ಪ್ರಶ್ನಿಸಿದಂತೆ. ಆದರೂ ಸುಬೇದಾರ ಮಾಳಿಗೆಯ ನಿಚ್ಚಣಿಕೆಯ ಕಡೆ ನಡೆದ. ಆಯಿ ಓಡಿಹೋಗಿ ನಿಚ್ಚಣಿಕೆಯ ಬುಡದಲ್ಲಿ ಕೂತುಬಿಟ್ಟಳು.

"ಮ್ಯಾಲ ಯಾರೂ ಹತ್ತಂಗಿಲ್ಲ. ಶಾವಿಗಿ ಆರಾಕತ್ತಾವ. ಗಂಡಸರ ಕಾಲ ಧೂಳ ಬೀಳತೈತಿ."

ಅದು ಮನೆಯ ಕಾಯಿದೆ. ಶಾವಿಗೆ ಆರುವವರೆಗೆ ಮಾಳಿಗೆಗೆ ಗಂಡಸರು ಹೋಗುವಂತಿಲ್ಲ. ಕಾಕಾ ಕೂಡ ಮುರಿದಿರಲಿಲ್ಲ.

"ಎಲ್ಲಿ ಆರಾಕತ್ತಾವ ಯವ್ವಾ? ಶಾವಿಗಿ ಕೋಲ ಎಲ್ಲಾ ಇಲ್ಲೇ ಮೂಲ್ಯಾಗ ಅದಾವಲ್ಲ?" ಎಂದ ಕಾಕಾ.

"ನೀನ ಕಟ್ಟೀಯಲ್ಲೋ ಸಾಲ, ಅದರ ಮ್ಯಾಲ."

"ಯಾವ ಸಾಲ?"

"ಎರಡ ಗಳಾ ನಟ್ಟು ತಂತಿ ಬಿಗದೀಯಲ್ಲ. ತಾಮ್ರದ್ದು ಬಿಗದಿದ್ದಿ. ಹಸಿ ಶಾವಿಗಿ ತಾಮ್ರಕ್ಕ ಹಾಕಿದ್ರ ಕಿಲುಬು ಹಿಡದು ಮನಿ ಮಂದೆಲ್ಲಾ ವಾಂತಿ ಮಾಡಬೇಕು. ಅದಕ್ಕ ತಂತಿ ಬಿಚ್ಚಿಸಿ ಸುತಳಿ ಕಟ್ಟಿಸೇನಿ. ತಂತಿ ನನ್ನ ಪೆಟಗ್ಯಾಗ ಜ್ವಾಕ್ಯಾಗೈತಿ. ಚೊಲೊ ತಾಮ್ರ."

ಗಿರಣಿ ನಿಂತಿದ್ದರಿಂದ ಮೌನ ಚೆನ್ನಾಗಿ ಕೇಳಿಸಿತು.

"ನನಗರೆ ಖುಷಿ ಆಗಿತ್ತಪಾ" ಎಂದು ಆಯಿ ಮುಂದುವರಿಸಿದಳು. "ಹುಟ್ಟಿದಾಗಿಂದ ಮನಿಗೆ ಒಂದ ಉಪಯೋಗದ ಕೆಲಸಾ ಮಾಡ್ಯಾನ, ಶಾವಿಗಿ ಹೊತ್ತಿಗೆ ಸರಿಯಾಗಿ ಸಾಲ ಕಟ್ಯಾನ ಅಂತ."

"ಯಾರ ಬಿಚ್ಚಿದ್ರು ಅದನ್ನ?" ಎಂದ ಕಾಕಾ.

ಆಯಿಗೆ ನಿಚ್ಚಣಿಕೆ ಹತ್ತಲು ಬರುತ್ತಿರಲಿಲ್ಲ. ಗದ್ದದಿಂದ ಚಿಗವ್ವನ ಕಡೆ ತೋರಿಸಿದಳು.

ಚಿಗವ್ವ ಸೆರಗು ಸರಿಮಾಡಿಕೊಂಡಳು. "ಅತ್ತಿ ಬಿಚ್ಚು ಅಂದ್ರು, ಬಿಚ್ಚೇನಿ. ನೀವು ಅರಿವಿ ಒಣಗಿಸಾಕ ಕಟ್ಟೀರಿ ಅನ್ಕೊಂಡಿದ್ನಿ."

"ಅದು ಏರಿಯಲ್! ಓಣಿ ಮಂದಿಗೆಲ್ಲಾ ಹೇಳೇನಿ!"

"ನಮಗ ಹೇಳಿದ್ರ್ಯಾ?"

ಕಾಕಾ ಸುಬೇದಾರನ ಮುಖ ನೋಡಿದ. ಸುಬೇದಾರ ಬರ್ಮಾದ ಕಡೆ ನೋಡುತ್ತಿದ್ದ.

ತನ್ನ ಹಾಡನ್ನು ತಾನೇ ಬಿಚ್ಚಿಟ್ಟದ್ದು ತಿಳಿದಾಗ ಚಿಗವ್ವನ ಮುಖ ಹೇಗಿತ್ತು ಎಂದು ನಾನು ಬರೆಯಬಹುದು, ಬರೆದರೆ ಅದು ಕಟ್ಟುಕಥೆ. ನಾನು ಅವಳನ್ನು ನೋಡಲಿಲ್ಲ. ಆಯಿಯ ಪೆಟ್ಟಿಗೆಯ ಕಡೆ ನೋಡುತ್ತಿದ್ದೆ. ಪೆಟ್ಟಿಗೆಯೊಳಗೆ ರೇಶಿಮೆ ಸೀರೆಯ ಮೇಲೆ ತಾಮ್ರದ ಸುರುಳಿ ಹೊಳೆಯುತ್ತಿದ್ದ ಚಿತ್ರವೊಂದು ನನ್ನಲ್ಲಿ ಇದೆ. ಆಯಿ ಯಾರೆದುರಿಗೂ ಪೆಟ್ಟಿಗೆ ತೆರೆದವಳಲ್ಲ. ಹಾಗಾಗಿ ಆ ಹೊಳಪು ನಾನೇ ಆಮೇಲೆ ಹಚ್ಚಿದ್ದು. ತಂತಿ ಹೊರಬಂದದ್ದು ಮಾತ್ರ ನಿಜ, ಏಕೆಂದರೆ ಅದನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ.

ಆಯಿ ಒಂದು ಷರತ್ತು ಹಾಕಿದಳು: ಶಾವಿಗೆಯನ್ನು ಮುಟ್ಟಕೂಡದು. ಸುತಳಿ ಬಿಚ್ಚಿ ತಂತಿ ಕಟ್ಟುವಷ್ಟು ಹೊತ್ತೂ ಇರಲಿಲ್ಲ. ಹಾಗಾಗಿ ಬಿದಿರುಗಳ ಕೆಲಸವನ್ನು ಮನುಷ್ಯರು ಮಾಡಬೇಕಾಯಿತು. ಕಾಲು ತೊಳೆದುಕೊಂಡು ನಾನೂ ಸುಬೇದಾರನೂ ಮೇಲೆ ಹತ್ತಿದೆವು. ಕಲ್ಲಿನ ಕೆಳಗೆ ಸಿಕ್ಕಿಸಿಟ್ಟಿದ್ದ, ರೇಡಿಯೋದಿಂದ ಮೇಲೆ ಬಂದ ಎಳೆಗೆ ತಂತಿಯ ಒಂದು ತುದಿಯನ್ನು ಹೊಸೆದು, ಬೆಳಕಿಂಡಿಯ ಹತ್ತಿರ ನಾನು ಹಿಡಿದುಕೊಂಡೆ. ಇನ್ನೊಂದು ತುದಿ ಹಿಡಿದು ಸುಬೇದಾರ ಮಾಳಿಗೆಯ ಆಚೆ ಮೂಲೆಗೆ ಹೋಗಿ, ಕೈ ಮೇಲೆತ್ತಿ ಸಾವಧಾನ್ ನಿಂತ. ನಡುವೆ ಶಾವಿಗೆ ಬಿಳಿ ಪರದೆಯಂತೆ ತೂಗುತ್ತಿತ್ತು.

ನಾನು ಬೋರಲು ಮಲಗಿ ಬೆಳಕಿಂಡಿಯಲ್ಲಿ ಮುಖ ಇಟ್ಟೆ. ಕೆಳಗೆ ಕಂಡದ್ದು ಬೈತಲೆಗಳು, ಸೆರಗುಗಳು, ಕಾಕಾನ ಬೋಳು ನೆತ್ತಿ. ಆ ಸಂಜೆಯ ಮುಖಗಳು ನನ್ನ ಹತ್ತಿರ ಇಲ್ಲ, ನೆತ್ತಿಗಳು ಇವೆ.

ಕಾಕಾ ಕಿವಿ ತಿರುವಿದ. ದೀಪ ಹೊತ್ತಿತು. ಎಲ್ಲ ನೆತ್ತಿಗಳೂ ಮುಂದಕ್ಕೆ ಬಾಗಿದವು. ಗುರ್ ಎಂದಿತು, ಇನ್ನೊಮ್ಮೆ ಗುರ್ ಎಂದಿತು, ಆಮೇಲೆ ಗಂಟಲು ಸರಿಮಾಡಿಕೊಂಡ ಗಂಡಸೊಬ್ಬ ಹತ್ತಿ ಬೀಜಕ್ಕೆ ಔಷಧ ಹೇಗೆ ಹಚ್ಚಬೇಕು ಎಂದು ಹೇಳತೊಡಗಿದ. ಪಡಸಾಲೆಯಲ್ಲಿ ಕೂಗು ಎದ್ದಿತು. ಹತ್ತಿ ಬೀಜಕ್ಕೆ ಅಂಥ ಸ್ವಾಗತ ಹಿಂದೆ ಸಿಕ್ಕಿರಲಿಕ್ಕಿಲ್ಲ.

ಬೀಜ ಮುಗಿದು, ಈಗ ತಿಕೋಟಾದ ಹೆಂಗಸರ ಬೀಸುವ ಹಾಡುಗಳು ಎಂದರು. ಚಿಗವ್ವನ ಹೆಸರು ಹೇಳಿದರು. ಕಾಕಾ ಅವಳ ಹೆಸರು ಹಿಡಿದು ಕರೆದವನಲ್ಲ. ಪರಗಂಡಸೊಬ್ಬ ಧಾರವಾಡದಿಂದ ಅದನ್ನು ಕೂಗಿದ್ದಕ್ಕೆ ಅವನ ನೆತ್ತಿ ಸ್ವಲ್ಪ ಕೆಳಗಾಯಿತು. ಆಮೇಲೆ ದನಿ ಬಂತು. ಕರೆಯಲು ಬಂದ ಅಣ್ಣ ಅತ್ತೆಯ ಮನೆಯ ಹೊಸ್ತಿಲ ಹೊರಗೆ ನಿಂತಿರುವ ಹಾಡು. ತೆಳ್ಳಗಿನ, ನೆಟ್ಟಗಿನ ದನಿ. ಎಲ್ಲೂ ಗಡಿಬಿಡಿ ಇಲ್ಲ. ಕಿರ್ರ್ ಎನ್ನುವ ಬಾಗಿಲಂತೂ ಅಲ್ಲ.

"ಅಯ್ಯ ಶಿವನ, ಇಕೀದ ದನಿ!" ಎಂದವಳು ಆಯಿ.

"ಹೌದಲ್ಲ" ಎಂದ ಕಾಕಾ, ತುಸು ಹೆದರಿದವನಂತೆ.

"ನಂದಲ್ಲ" ಎಂದಳು ಚಿಗವ್ವ.

"ನಿಂದ ಐತೆವ್ವಾ!" ಎಂದರು ಗಿರಣಿಯ ಹೆಂಗಸರು.

"ನನ್ನ ದನಿ ನನಗ ಗೊತ್ತಿಲ್ಲೇನ್ರಿ? ದಿನಾ ಕೇಳತೀನಿ. ನಂದು ತುಂಬಿದ್ದೈತಿ. ಇದ್ಯಾವಾಕಿನೋ ಮೂಗಿನ್ಯಾಗ ಹಾಡಾಕತ್ಯಾಳ."

"ನಿನ್ನ ಹೆಸರ ಹೇಳ್ಯಾರಲ್ಲೇ ಹುಚ್ಚಿ!" ಆಯಿಗೆ ಸಿಟ್ಟು ಬಂದಿತ್ತು. ಬೆಳಿಗ್ಗೆಯಿಂದ ಸೊಸೆಯ ಹಾಡು ರೇಡಿಯೋದಲ್ಲಿ ಬರುವುದೇ ಸುಳ್ಳು ಎಂದವಳು ಈಗ ಅದರ ಪರವಾಗಿ ಪ್ರಮಾಣ ಮಾಡಲು ಸಿದ್ಧವಾಗಿದ್ದಳು.

"ಹೆಸರ ನಂದ ಹೇಳಿ ಬ್ಯಾರೇದಾಕೀನ್ನ ಹಾಡಿಸ್ಯಾರ. ನನ್ನ ಹಾಡಿಗೆ ಹಿಂಗ ಮಾಡ್ತಾರನ?"

ಒಂದು ಸೆರಗು ಗುಂಪಿನಿಂದ ಮುಂದೆ ಹೋದದ್ದು ಕಂಡಿತು. ಟಕ್. ಹಳದಿ ದೀಪ ಆರಿತು.

"ಏ, ಬಂದ್ ಯಾಕ ಮಾಡ್ದಿ? ಇನ್ನ ಅರ್ಧಾ ಐತಿ!" ಕಾಕಾನ ಕೂಗಿನಲ್ಲಿ ಇಡೀ ದಿನದ ಬೆವರಿತ್ತು.

"ಪೂರಾ ನಾನ ಹಾಡತೀನಿ. ನಂದು ಹ್ಯಾಂಗೈತಿ ಕೇಳ್ರಿ."

ಪಡಸಾಲೆಯ ನಡುವೆ ನಿಂತು, ಅತ್ತೆ, ಗಂಡ, ಓಣಿಯ ಹೆಂಗಸರು ಎಲ್ಲರ ಎದುರು ಚಿಗವ್ವ ಮೊದಲಿನಿಂದ ಎತ್ತಿಕೊಂಡಳು. ಆ ಮನೆಯಲ್ಲಿ ಅವಳು ಬಾಯಿಬಿಟ್ಟು ಹಾಡಿದ್ದು ಅದೇ ಮೊದಲು. ರೇಡಿಯೋದಲ್ಲಿ ಬಂದ ದನಿಗೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸ ನನಗೆ ಕೇಳಲಿಲ್ಲ. ಕೇಳಿತ್ತು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು.

ಒಂದು ನುಡಿ ಮುಗಿಯುವುದನ್ನೇ ಆಯಿ ಕಾಯುತ್ತಿದ್ದಳು. "ರೇಡಿಯೋದಾಗಿನಾಕಿನ ಚೊಲೊ ಹಾಡತಿದ್ಲು."

"ಹಂಗಾರ ಅಕೀನ್ನ ಸೊಸಿ ಮಾಡ್ಕೋರಿ ಅತ್ತಿ. ನಾಳಿಂದ ರೊಟ್ಟಿ ಅಕೀನ ಬಡೀಲಿ" ಎಂದು ಚಿಗವ್ವ ಮುಂದಿನ ನುಡಿ ಹಿಡಿದಳು.

ಮಾಳಿಗೆಯ ಆಚೆ ಮೂಲೆಯಲ್ಲಿ ಸುಬೇದಾರ ಇನ್ನೂ ತಂತಿ ಹಿಡಿದು ನಿಂತಿದ್ದ. ಕೆಳಗೆ ಏನಾಯಿತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಶಾವಿಗೆಯ ಆಚೆಯಿಂದ ಅವನ ದನಿ ಬಂತು:

"ಈಗ ಹತ್ತಿತು ನೋಡಪಾ! ನಡಬರಕ ನಿಂತಿತ್ತು. ಈಗ ಬಾಜೂಕ ನಿಂತು ಹಾಡಿದಂಗ ಕೇಳಾಕತ್ತೈತಿ. ಇನ್ನೂ ಮ್ಯಾಲ ಹಿಡೀಲೇನು?"

"ಹಿಡೀರಿ" ಎಂದೆ.

ಅವನು ತುದಿಗಾಲ ಮೇಲೆ ನಿಂತು ಕೈಯನ್ನು ಇನ್ನಷ್ಟು ಮೇಲೆತ್ತಿದ.